ಶುಕ್ರವಾರ ನಾಲ್ಕು ಮೊಳ

ಅಝಿಕೋಪೆ
ಮಾರ್ಚ್ 3

ಸೆನಮ್,

ನಿನಗೆ ಬರೆದು ಎರಡು ವರ್ಷವಾಯಿತು. ಕ್ಷೇಮ ಸಮಾಚಾರದ ಶಾಸ್ತ್ರ ಆಮೇಲೆ ಮಾಡೋಣ. ನಾನು ಗಟ್ಟಿಯಾಗಿದ್ದೇನೆ, ಕಿವಿ ಮಾತ್ರ ಪೂರ್ತಿ ಹೋಯಿತು. ನಲವತ್ತು ವರ್ಷ ಅಲೆಯ ಬಾಯೆದುರು ನಿಂತವನಿಗೆ ಇನ್ನೇನಾದೀತು. ಆದ್ದರಿಂದ ಫೋನು ಮಾಡಬೇಡ. ಕೊರ್ಕು ಫೋನಿನ ಪರದೆಯ ಮೇಲೆ ಬರೆದು ತೋರಿಸುತ್ತಾನೆ, ಆದರೆ ನನ್ನ ಕಣ್ಣಿಗೆ ದೂರದ್ದು ಕಾಣುತ್ತದೆ, ಅಂಗೈಯಲ್ಲಿರುವ ಇರುವೆ ಸಾಲು ಕಾಣುವುದಿಲ್ಲ. ಅದೂ ಅಲ್ಲದೆ ಈಗ ಬರೆಯುತ್ತಿರುವುದು ನಿನ್ನ ತಮ್ಮನಿಗೆ ತಿಳಿಯುವುದು ನನಗೆ ಬೇಡ. ದೊಡ್ಡ ಅಕ್ಷರದಲ್ಲಿ ಕಾಗದ ಬರೆದು ಬಸ್ಸಿನ ಫೋಲಿಯ ಕೈಗೆ ಕೊಡು. ಕುಡುಕನಾದರೂ ಕಾಗದ ಕಳೆಯುವವನಲ್ಲ.

ಜನವರಿಯಲ್ಲಿ ಕಡಲು ದೆಲಾಳ ಎರಡು ಮೀನಿನ ಒಲೆಗಳನ್ನು ಒಯ್ಯಿತು. ಹೊಗೆಗಿಟ್ಟ ಮೀನಿನ ಸಮೇತ. ನಿನ್ನ ನಾದಿನಿ ಅಳಲಿಲ್ಲ, ಅಲೆಯ ಕಡೆ ತಿರುಗಿ ಬೈದಳು, ನನಗೆ ಕೇಳದಿದ್ದರೂ ಬಾಯಿ ನೋಡಿಯೇ ಯಾವ ಬೈಗಳೆಂದು ಗೊತ್ತಾಯಿತು. ಈಗ ಮನೆಯ ಹಿಂದೆ ಹಿನ್ನೀರಿನ ಕಡೆ ಹೊಸ ಒಲೆ ಕಟ್ಟಿದ್ದಾಳೆ. ಊರು ದಿನೇ ದಿನೇ ಸೊಂಟ ಹಿಂಡಿದ ಹಾಗೆ ಸಣ್ಣಗಾಗುತ್ತಿದೆ, ಅತ್ತ ಕಡಲು, ಇತ್ತ ಹಿನ್ನೀರು.

ವಿಷಯಕ್ಕೆ ಬರುತ್ತೇನೆ. ಏಳು ತಾಯಂದಿರು, ಆಮೇಲೆ ಮಕ್ಕಳು. ಇದು ನನ್ನ ಅಪ್ಪ ಕಲಿಸಿದ ಎಣಿಕೆ, ನಿನಗೂ ಚಿಕ್ಕಂದಿನಲ್ಲಿ ಮರಳಲ್ಲಿ ಕೂರಿಸಿ ಕಲಿಸಿದ್ದೆ. ಏಳು ದೊಡ್ಡ ಅಲೆ ಒಡೆದ ಮೇಲೆ ನೂರು ಎಣಿಸುವಷ್ಟು ಹೊತ್ತು ಚಿಕ್ಕವು ಬರುತ್ತವೆ. ಆ ಹೊತ್ತಿನಲ್ಲಿ ನಾನು ಕೈ ಎತ್ತಿದರೆ ಹನ್ನೆರಡು ಜನ ದೋಣಿ ನುಗ್ಗಿಸುತ್ತಾರೆ. ಕೈ ಇಳಿಸಿದರೆ ನಿಲ್ಲುತ್ತಾರೆ. ಈಗ ಒಂದು ದಿನ ಏಳು ಬರುತ್ತವೆ, ಇನ್ನೊಂದು ದಿನ ಹನ್ನೊಂದು. ಹೋದ ತಿಂಗಳು ಮಕ್ಕಳ ನಡುವೆ ಒಂದು ಅನಾಥ ಅಲೆ ಬಂತು, ಹಿಂದೆ ಮುಂದೆ ಯಾರೂ ಇಲ್ಲದ್ದು, ಮನೆಯೆತ್ತರ. ದೋಣಿ ಮೂಗು ಮೇಲೆ ಮಾಡಿ ನೆಟ್ಟಗೆ ನಿಂತಿತು. ಮುಂದುಗಡೆ ಇದ್ದ ಡೋಟ್ಸೆಗೆ ಎರಡು ಹಲ್ಲು ಹೋದವು. ಹಿಂದುಗಡೆ ಚುಕ್ಕಾಣಿ ಹಿಡಿದು ನಿಲ್ಲುವವನು ಕೊರ್ಕು. ದೋಣಿ ಹಾಗೆ ನಿಂತಾಗ ಅಡಿಗೆ ಹೋಗುವವನು ಹಿಂದಿನವನೇ. ಅವನು ಮೇಲೆ ಬರುವಷ್ಟರಲ್ಲಿ ನಾನು ಮೂವತ್ನಾಲ್ಕು ಎಣಿಸಿದ್ದೆ.

ಡೋಟ್ಸೆ ಎಲ್ಲರೆದುರು ನಗೆಯಾಡಿ ಮುಗಿಸಿದ. ಹಲ್ಲು ಹೋದರೆ ಹೋಯಿತು, ಇನ್ನು ಮೇಲೆ ಮುಳ್ಳು ಮೀನು ಹೆಂಡತಿಗೇ ಬಿಟ್ಟೆ ಅಂದನಂತೆ. ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಅದೇ ನನಗೆ ಹೆದರಿಕೆ. ನನ್ನ ಕೈ ಮೇಲೆ ಅವರಿಗೆ ಇರುವಷ್ಟು ನಂಬಿಕೆ ನನಗಿಲ್ಲ.

ಆ ದಿನ ಸಭೆಯಲ್ಲಿ ನೀನು ಹೇಳಿದ್ದು ನಿಜವಾಯಿತು ಎಂದು ಬರೆಯಲು ಕೈ ಬರುವುದಿಲ್ಲ. ಬರೆದದ್ದಾಯಿತು ಅಂದುಕೋ. ನಿನ್ನ ಕಚೇರಿಯಲ್ಲಿ ಅಲೆಯನ್ನು ಮೊದಲೇ ಹೇಳುವ ಕಾಗದ ಇನ್ನೂ ಇದೆಯೇ?

ನಿನ್ನ ಅಪ್ಪ
ಯಾವೊ ಹೊಟೋರ್


ಟೆಮಾ
ಮಾರ್ಚ್ 14

ಅಪ್ಪ,

ನಿನ್ನ ಕಾಗದವನ್ನು ಬಸ್ ನಿಲ್ದಾಣದಲ್ಲೇ ನಿಂತು ಓದಿದೆ. ಫೋಲಿ ಉತ್ತರಕ್ಕಾಗಿ ಕೈ ಚಾಚಿಕೊಂಡು ಎದುರಿಗೇ ನಿಂತಿದ್ದ, ಕಳಿಸಿಬಿಟ್ಟೆ. ತಕ್ಷಣ ಬರೆದಿದ್ದರೆ ಒಳ್ಳೆಯ ಮಾತು ಬರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಆ ಸಭೆಯಲ್ಲಿ ನಾನು ಅಂದದ್ದು ಇಷ್ಟೇ: ನಮ್ಮ ಅಪ್ಪನ ಎಣಿಕೆ ಇನ್ನು ಹೆಚ್ಚು ದಿನ ನಡೆಯದು, ಕಡಲು ಬದಲಾಗಿದೆ. ನೀನು ಎದ್ದು ನಿಂತು, "ನನ್ನ ಮಗಳಿಗೆ ಈಜೋಕೇ ಬರಲ್ಲ, ಕಡಲಿನ ಪಾಠ ಹೇಳೋಕೆ ಬಂದಿದಾಳೆ" ಅಂದೆ. ಊರಿಗೆ ಊರೇ ನಕ್ಕಿತು. ಆ ನಗು ನಿನಗೆ ಕೇಳಿಸಿರಲಿಕ್ಕಿಲ್ಲ. ನನಗೆ ಕೇಳಿಸಿತು, ಇನ್ನೂ ಕೇಳಿಸುತ್ತಿದೆ.

ಇರಲಿ. ಕೊರ್ಕು ನೀರಿನಡಿಯಲ್ಲಿದ್ದಾಗ ನೀನು ಎಣಿಸುತ್ತಾ ನಿಂತದ್ದನ್ನು ಓದಿದ ಮೇಲೆ ನನಗೆ ಜಗಳ ಆಡುವ ಶಕ್ತಿಯಿಲ್ಲ.

ಕಾಗದ ಇದೆ. ಬಂದರಿನಾಚೆ ಕಚೇರಿಯವರು ಹಳದಿ ಬೆಂಡೊಂದನ್ನು ತೇಲಿಬಿಟ್ಟಿದ್ದಾರೆ. ಅಲೆಯ ಜೊತೆ ಅದು ಏರಿ ಇಳಿದದ್ದೆಲ್ಲ ನಮ್ಮಲ್ಲಿ ದಾಖಲಾಗುತ್ತದೆ. ಅದನ್ನೂ ದೂರದ ಬಿರುಗಾಳಿಯ ಸುದ್ದಿಯನ್ನೂ ಸೇರಿಸಿ ಗಣಕ ಮುಂದಿನ ಏಳು ದಿನದ ಲೆಕ್ಕ ಹೇಳುತ್ತದೆ. ನಿನಗಾಗಿ ಅದನ್ನು ಮೊಳಕ್ಕೆ ತಿರುಗಿಸಿ ಬರೆದಿದ್ದೇನೆ. ಕಚೇರಿಯ ಹಾಳೆಯಲ್ಲಿ ದಿನವೊಂದಕ್ಕೆ ಏಳೆಂಟು ಅಂಕಿಗಳಿರುತ್ತವೆ, ತಲೆ ಕೆಡುತ್ತದೆ. ಮುಖ್ಯವಾದ ಒಂದನ್ನು ಮಾತ್ರ ಇಟ್ಟು ಉಳಿದದ್ದು ಬಿಟ್ಟಿದ್ದೇನೆ. ದಿನಕ್ಕೊಂದು ಅಂಕಿ. ಸೋಮವಾರ ಎರಡೂವರೆ ಮೊಳ, ಮಂಗಳವಾರ ಮೂರು, ಹೀಗೆ. ಪ್ರತಿ ಶನಿವಾರ ಫೋಲಿಯ ಕೈಯಲ್ಲಿ ಕಳಿಸುತ್ತೇನೆ.

ಕೊರ್ಕುವಿಗೆ ಹೇಳುವುದಿಲ್ಲ. ನಿನ್ನ ಮರ್ಯಾದೆ ನನ್ನ ಹತ್ತಿರ ಭದ್ರವಾಗಿರುತ್ತದೆ.

ಸೆನಮ್


ಅಝಿಕೋಪೆ
ಏಪ್ರಿಲ್ 17

ಸೆನಮ್,

ನಾಲ್ಕು ವಾರ ನಿನ್ನ ಕಾಗದವನ್ನು ಪರೀಕ್ಷೆಗೆ ಹಚ್ಚಿದೆ. ಬೆಳಿಗ್ಗೆ ಮೊದಲು ನಾನು ಕಡಲು ನೋಡುವುದು, ಮನಸ್ಸಿನಲ್ಲಿ ಒಂದು ಅಂಕಿ ಇಟ್ಟುಕೊಳ್ಳುವುದು, ಆಮೇಲೆ ಸೊಂಟದ ಗಂಟು ಬಿಚ್ಚಿ ನಿನ್ನದನ್ನು ನೋಡುವುದು. ಇಪ್ಪತ್ತೆಂಟು ದಿನದಲ್ಲಿ ಇಪ್ಪತ್ತು ದಿನ ನೀನು ಗೆದ್ದೆ. ಮೂರು ದಿನ ನಾನು ಗೆದ್ದೆ. ಉಳಿದ ದಿನ ಕಡಲೇ ಗೆದ್ದಿತು.

ಐದು ಮೊಳ ದಾಟಿದ ದಿನ ದೋಣಿ ಇಳಿಸುವುದಿಲ್ಲ ಎಂದು ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೇನೆ. ನಮ್ಮ ದೋಣಿಯ ಮೂಗು ಎದುರಿಸುವುದು ಅಷ್ಟನ್ನೇ, ಅದು ನನಗೆ ಮೈಗೇ ಗೊತ್ತಿದೆ. ಹೋದ ಬುಧವಾರ ಕಡಲು ಹೊಂಡದ ನೀರಿನಂತೆ ಮಲಗಿತ್ತು, ನಿನ್ನ ಕಾಗದ ಆರು ಅಂದಿತ್ತು. ಕೈ ಇಳಿಸಿದೆ. ಹುಡುಗರೆಲ್ಲ ನನಗೆ ಮರುಳು ಹಿಡಿಯಿತು ಅಂದುಕೊಂಡರು. ಕೊರ್ಕು ನನ್ನೆದುರು ಬಂದು, ನನಗೆ ತಿಳಿಯಲೆಂದು ಬಾಯಿ ಅಗಲ ಮಾಡಿ, "ಏನಪ್ಪಾ, ಕಡಲಿನ ಹತ್ರ ಜಗಳ ಆಡ್ಕೊಂಡು ಬಂದ್ಯಾ?" ಅಂದ. ಮಧ್ಯಾಹ್ನದ ಹೊತ್ತಿಗೆ ಅಲೆ ಬಂದು ತೆಂಗಿನ ಬುಡ ತೊಳೆಯಿತು.

ಈಗ ಊರಲ್ಲಿ ನಾನು ದೊಡ್ಡ ಮನುಷ್ಯ. ಮುದುಕನಿಗೆ ವಯಸ್ಸಾದ ಹಾಗೆ ಕಣ್ಣು ಚುರುಕಾಗುತ್ತಿದೆ ಎಂದು ಆಡಿಕೊಳ್ಳುತ್ತಾರಂತೆ. ಯಾರದೋ ದುಡ್ಡು, ಇನ್ಯಾರದೋ ಜಾತ್ರೆ. ನಿನ್ನ ಅಂಕಿಯಿಂದ ನಾನು ಹೆಸರು ಮಾಡುತ್ತಿದ್ದೇನೆ, ನಾಚಿಕೆಯಾಗುತ್ತದೆ. ಆದರೂ ರಾತ್ರಿ ನಿದ್ದೆ ಬರುತ್ತದೆ. ಅದು ಬಾರದೆ ವರ್ಷವಾಗಿತ್ತು.

ಈ ಅಲೆಗಳು ಬರುತ್ತಿರುವುದು ಎಲ್ಲಿಂದ? ಇಲ್ಲಿ ಗಾಳಿಯೇ ಇರುವುದಿಲ್ಲ.

ಅಪ್ಪ


ಟೆಮಾ
ಏಪ್ರಿಲ್ 22

ಅಪ್ಪ,

ನಮ್ಮೂರಿಗೆ ಬಂದು ಒಡೆಯುವ ಅಲೆ ನಮ್ಮೂರಿನದಲ್ಲ. ನಮ್ಮ ಆಫ್ರಿಕದ ದಕ್ಷಿಣದ ತುದಿಗೂ ಆಚೆ, ಹಿಮದ ಕಡಲಿನ ಹತ್ತಿರ ಬಿರುಗಾಳಿ ಏಳುತ್ತದೆ. ಅಲ್ಲಿ ಮನುಷ್ಯರಿಲ್ಲ, ದೋಣಿಯಿಲ್ಲ. ಅಲ್ಲಿ ಎದ್ದ ಅಲೆ ಏಳೆಂಟು ದಿನ ನಡೆದು ಬಂದು ದೆಲಾಳ ಒಲೆ ಒಯ್ಯುತ್ತದೆ. ಅದಕ್ಕೇ ಇಲ್ಲಿ ಗಾಳಿಯಿಲ್ಲದ ದಿನವೂ ಕಡಲು ಕುದಿಯುವುದು.

ಲೋಕ ಬಿಸಿಯಾದಂತೆ ಆ ಬಿರುಗಾಳಿಗಳು ಜೋರಾಗುತ್ತಿವೆ. ನಮ್ಮ ಕಚೇರಿಯಲ್ಲಿ ಮಾಡುತ್ತಿರುವ ಕೆಲಸವೇ ಅದು, ಈ ಶತಮಾನ ಮುಗಿಯುವ ಹೊತ್ತಿಗೆ ಯಾವ ದಂಡೆಯಲ್ಲಿ ಅತಿ ದೊಡ್ಡ ಅಲೆ ಎಷ್ಟು ದೊಡ್ಡದಾದೀತು ಎಂದು ಲೆಕ್ಕ ಕಟ್ಟುವುದು. ಎಲ್ಲ ಕಡೆಯೂ ಒಂದೇ ಉತ್ತರ ಬರುವುದಿಲ್ಲ. ಕೆಲವು ದಂಡೆಗಳಲ್ಲಿ ಅಲೆ ತಗ್ಗೀತು ಅನ್ನುತ್ತದೆ ಗಣಕ. ಒಂದು ಗಣಕ ಹೇಳಿದ್ದನ್ನು ಇನ್ನೊಂದು ಒಪ್ಪುವುದಿಲ್ಲ, ನಮ್ಮೂರಿನ ಹಿರಿಯರ ಹಾಗೆ. ದಕ್ಷಿಣದ ವಿಚಾರದಲ್ಲಿ ಮಾತ್ರ ಬಹುಪಾಲು ಎಲ್ಲವೂ ಒಪ್ಪುತ್ತವೆ. ದಕ್ಷಿಣದ್ದು ನಮ್ಮ ಪಾಲಿಗೆ ಬರುವಂಥದ್ದು. ಕಡಲಿನ ಮಟ್ಟವೂ ಏರಿರುವುದರಿಂದ ಹಳೆಯ ಅಲೆಯೇ ಬಂದರೂ ಮೊದಲಿಗಿಂತ ಮುಂದೆ ಹತ್ತುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಚಳಿಗಾಲ, ಬಿರುಗಾಳಿಯ ಕಾಲ. ನಿಮಗೆ ಅದು ಬೂತಾಯಿ ಮೀನಿನ ಕಾಲ ಎಂದು ನನಗೆ ಗೊತ್ತು.

"ಇಪ್ಪತ್ತು ದಿನ ನೀನು ಗೆದ್ದೆ" ಎಂದು ನೀನು ಬರೆದ ಸಾಲನ್ನು ಜೊತೆಗೆ ಕೆಲಸ ಮಾಡುವ ಅಡೋಲೆಗೆ ಓದಿ ಹೇಳಿದೆ. ಕಣ್ಣಲ್ಲಿ ನೀರು ಬಂತು, ಅವಳದಲ್ಲ, ನನ್ನದು.

ಸೆನಮ್


ಅಝಿಕೋಪೆ
ಜೂನ್ 11

ಮಗಳೇ,

ಸುದ್ದಿ ನಿನಗೆ ಮುಟ್ಟಿರಬೇಕು. ಮೇ ಕೊನೆಯಲ್ಲಿ ನೀನು ಎಂಟು ಮೊಳ ಎಂದು ಕೆಂಪಕ್ಷರದಲ್ಲಿ ಬರೆದಿದ್ದೆಯಲ್ಲ, ಆ ದಿನ ನಾನು ನಮ್ಮ ದೋಣಿಯನ್ನಷ್ಟೇ ಅಲ್ಲ, ದಂಡೆಯ ನಲವತ್ತೊಂದು ದೋಣಿಗಳನ್ನೂ ತಡೆದು ನಿಲ್ಲಿಸಿದೆ. ಪಕ್ಕದ ಕೇರಿಯವರು ನಕ್ಕು ಹೊರಟರು. ಅವರಲ್ಲಿ ಐದು ಜನ ಬರಲಿಲ್ಲ.

ಮರುದಿನ ಹಿರಿಯರು ಸೇರಿದರು. ನನ್ನನ್ನು ಹೊಗಳಲಿಕ್ಕೆ. ತಲೆ ತಗ್ಗಿಸಿ ಕೂರಲಾಗಲಿಲ್ಲ. ಎದ್ದು ಹೇಳಿಬಿಟ್ಟೆ, ಇದು ನನ್ನ ಕಣ್ಣಲ್ಲ, ನನ್ನ ಮಗಳ ಕಾಗದ, ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ನಿಂತು ನಾನು ಅವಳನ್ನು ನಗೆಪಾಟಲು ಮಾಡಿದ್ದೆ, ತಪ್ಪಾಯಿತು. ಯಾರೂ ನಗಲಿಲ್ಲ. ಕಿವುಡನಿಗೆ ಅಷ್ಟು ತಿಳಿಯುತ್ತದೆ.

ಕೊರ್ಕು ಮನೆಗೆ ಬರುತ್ತಾ ದಾರಿಯುದ್ದಕ್ಕೂ ಭುಜ ಕುಲುಕಿಸಿಕೊಂಡು ನಕ್ಕ. ಮೊದಲೇ ಗುಮಾನಿಯಿತ್ತಂತೆ. ಶನಿವಾರ ಬಂತೆಂದರೆ ನಾನು ಹೊಸ ಮದುವಣಿಗನ ಹಾಗೆ ಬಸ್ಸು ಕಾಯುತ್ತಿದ್ದೆನಂತೆ. ಅವನಿಗೆ ಸಿಟ್ಟಿಲ್ಲ. "ಅಕ್ಕನ ಅಂಕಿ, ಅಪ್ಪನ ಕೈ. ಇನ್ನು ನಂಗೇನು ಭಯ?" ಅಂದ. ಇದನ್ನು ಮರಳಿನ ಮೇಲೆ ಬೆರಳಲ್ಲಿ ಬರೆದು ತೋರಿಸಿದ.

ಕಾಗದವನ್ನು ಮಾತ್ರ ಯಾರಿಗೂ ಕೊಡುವುದಿಲ್ಲ. ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿದರೆ ಕಷ್ಟ. ಅಂಕಿ ನನ್ನ ಗಂಟಿನಲ್ಲಿರುತ್ತದೆ, ಜನ ನನ್ನ ಕೈ ನೋಡಿದರೆ ಸಾಕು.

ಒಂದು ಮಾತು ನಿನಗೆ ಹೇಳಬೇಕು. ನಾನೀಗ ಎಣಿಸುವುದನ್ನೇ ಬಿಟ್ಟಿದ್ದೇನೆ. ಎಷ್ಟು ಹಗುರ ಗೊತ್ತೇ. ದಂಡೆಗೆ ಹೋಗುತ್ತೇನೆ, ಚಿಕ್ಕವು ಬಂದವೋ ನೋಡುತ್ತೇನೆ, ಕೈ ಎತ್ತುತ್ತೇನೆ. ಮೊದಲಾದರೆ ಒಂದು ದೋಣಿ ಕಳಿಸುವಷ್ಟರಲ್ಲಿ ಬೆನ್ನೆಲ್ಲ ಬೆವರುತ್ತಿತ್ತು.

ಆಗಸ್ಟ್‌ನಲ್ಲಿ ಬಾ. ಈಜು ಕಲಿಸುತ್ತೇನೆ.

ಅಪ್ಪ


ಟೆಮಾ
ಜುಲೈ 1

ಅಪ್ಪ,

ಆಗಸ್ಟ್ ಎರಡನೆಯ ವಾರಕ್ಕೆ ರಜೆ ಬರೆದು ಕೊಟ್ಟಿದ್ದೇನೆ. ದೆಲಾಳಿಗೆ ಹೇಳು, ಬೆಂಡೆಕಾಯಿ ಸಾರು ಮಾಡಿಡಲಿ, ಇಲ್ಲಿಯವರಿಗೆ ಅದನ್ನು ಲೋಳೆ ಬರುವಂತೆ ಮಾಡಲು ಬರುವುದಿಲ್ಲ.

ಈ ವಾರದ ಹಾಳೆ ಇದರ ಜೊತೆಗಿದೆ. ಸೋಮ ಐದೂವರೆ, ಮಂಗಳ ಆರು, ಬುಧ ಆರು, ಗುರುವಾರ ಐದೂಕಾಲು. ನಾಲ್ಕು ದಿನ ದಂಡೆಯಲ್ಲೇ ಕೂರಬೇಕಾಗುತ್ತದೆ, ಬೂತಾಯಿ ಬಂದಿರುವಾಗ ಹುಡುಗರು ನಿನ್ನನ್ನು ತಿಂದುಹಾಕುತ್ತಾರೆ. ಶುಕ್ರವಾರ ಇಳಿಯುತ್ತದೆ. ನಾಲ್ಕು ಮೊಳ.

ಕೊರ್ಕುವಿನ ಕಿವಿ ಹಿಂಡು, ನನಗೊಂದು ಸಾಲು ಬರೆಯಲೂ ಪುರುಸೊತ್ತಿಲ್ಲವಂತೆ ಅವನಿಗೆ.

ನಿನ್ನ
ಸೆನಮ್


ಟೆಮಾ
ಜುಲೈ 20

ಅಪ್ಪ,

ಹೂಳುವ ದಿನ ನಾನು ನಿನ್ನ ಎದುರಿಗೇ ಕೂತಿದ್ದೆ. ನೀನು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಕಡಲಲ್ಲಿ ಸತ್ತವರನ್ನು ಊರೊಳಗೆ ತರಬಾರದೆಂದು ನಿನ್ನ ದೋಣಿಯ ಮೂವರನ್ನೂ ಮರಳಿನ ಮೇಲೇ ಮಲಗಿಸಿದ್ದರು, ಕೊರ್ಕು, ಅಕ್ಲಿ, ಮುದುಕ ಸೊವು. ಕೊರ್ಕುವಿನ ಪಾದದ ಮೇಲಿನ ಬಟ್ಟೆ ಗಾಳಿಗೆ ಸರಿದಿತ್ತು. ಸರಿಪಡಿಸಲು ಹೋದೆ, ಯಾರೋ ಹೆಂಗಸು ಕೈ ಹಿಡಿದು ಎಳೆದಳು, ಮುಟ್ಟಬಾರದು ಎಂದು. ಆ ಪಾದವನ್ನು ನಾನು ಎಷ್ಟು ಸಲ ತೊಳೆದಿಲ್ಲ.

ಹತ್ತು ದಿನ ಈ ಕಾಗದವನ್ನು ಬರೆದು ಹರಿದಿದ್ದೇನೆ. ಇವತ್ತು ಹರಿಯುವುದಿಲ್ಲ.

ನಾನು ಕಳಿಸುತ್ತಿದ್ದ ಅಂಕಿ ಆ ದಿನದ ಅತಿ ದೊಡ್ಡ ಅಲೆಯದಲ್ಲ. ಮುನ್ನೂರು ಅಲೆ ಬಂದರೆ ಅವುಗಳಲ್ಲಿ ದೊಡ್ಡ ನೂರನ್ನು ಆರಿಸಿ, ಆ ನೂರರ ಸರಾಸರಿ ಎತ್ತರ ಕಟ್ಟುತ್ತಾರೆ. ಆ ಸರಾಸರಿಯೇ ನಾನು ಬರೆದ ಅಂಕಿ. ಎಲ್ಲಕ್ಕಿಂತ ದೊಡ್ಡದು ಅದರ ಹತ್ತಿರಹತ್ತಿರ ಎರಡರಷ್ಟಿರುತ್ತದೆ. ನಾಲ್ಕು ಮೊಳ ಎಂದು ಬರೆದ ದಿನ ಎಂಟು ಮೊಳದ ಅಲೆಯೊಂದು ಬರುವುದು ಅಚ್ಚರಿಯೇನಲ್ಲ. ಕಚೇರಿಯಲ್ಲಿ ಇದು ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವುದರಿಂದ ಯಾರೂ ಯಾರಿಗೂ ಹೇಳುವುದಿಲ್ಲ.

ಮಾರ್ಚ್‌ನಲ್ಲೇ ಅಡೋಲೆ ನನಗೆ ಅಂದಿದ್ದಳು, "ಎರಡನೇ ಅಂಕಿನೂ ಕಳಿಸೇ. ದೋಣಿ ಮುಗುಚೋದು ಸರಾಸರಿಯಿಂದಲ್ಲ." ಅಪ್ಪನಿಗೆ ಗೊಂದಲವಾಗುತ್ತದೆ ಅಂದೆ ಅವಳಿಗೆ. ಸುಳ್ಳು. ನಿನಗೆ ಯಾವುದರಿಂದ ಗೊಂದಲವಾದೀತು. ದೊಡ್ಡ ಅಂಕಿ ಬರೆದರೆ ವಾರದಲ್ಲಿ ಐದು ದಿನ ಬೇಡ, ಬೇಡ ಎಂದೇ ಬರುತ್ತಿತ್ತು. ನೀನು ಕಾಗದ ಎಸೆಯುತ್ತಿದ್ದೆ, ಊರು ಮತ್ತೆ ನಗುತ್ತಿತ್ತು. ನನಗೆ ನೀನು ನಂಬುವುದು ಬೇಕಾಗಿತ್ತು ಅಪ್ಪ. ಅದಕ್ಕೆ ನಂಬುವಂಥ ಅಂಕಿ ಕಳಿಸಿದೆ. ಐದು ಮೊಳದ ಕಟ್ಟು ಹಾಕಿಕೊಂಡಿದ್ದೇನೆ ಎಂದು ನೀನು ಬರೆದಾಗ ಈ ಅಂಕಿಗೆ ಆ ಕಟ್ಟು ಸಾಲದೆಂದು ನನಗೆ ಹೊಳೆದಿತ್ತು. ಇಪ್ಪತ್ತು ದಿನ ನೀನು ಗೆದ್ದೆ ಎಂಬ ಸಾಲನ್ನು ಮತ್ತೆ ಓದಿಕೊಂಡು ಸುಮ್ಮನಾದೆ.

ನನ್ನ ತಮ್ಮನನ್ನು ಕೊಂದವಳು ನಾನು. ಮುಂದಿನ ಹಿರಿಯರ ಸಭೆ ಯಾವಾಗ ತಿಳಿಸು. ಬಂದು ಎಲ್ಲರೆದುರು ಹೇಳುತ್ತೇನೆ.

ಸೆನಮ್


ಅಝಿಕೋಪೆ
ಜುಲೈ 28

ಮಗಳೇ,

ನಿನ್ನ ಕಾಗದ ಬಂತು. ಓದಿದೆ. ಈಗ ನನ್ನದು ಕೇಳು.

ಶುಕ್ರವಾರ ಬೆಳಿಗ್ಗೆ ನಲವತ್ತೊಂದು ದೋಣಿ ಸಾಲಾಗಿ ನಿಂತಿದ್ದವು. ನಾಲ್ಕು ದಿನ ಕಾದವರು, ಕಟ್ಟಿಹಾಕಿದ ನಾಯಿಯ ಹಾಗೆ ಆಡುತ್ತಿದ್ದರು. ಮೊದಲು ನಮ್ಮದು. ಎಣಿಸಬಾರದು ಎಂದುಕೊಂಡರೂ ಅಭ್ಯಾಸ ಬಿಡುತ್ತದೆಯೇ, ಎಣಿಸಿದೆ. ಎಂಟು ತಾಯಂದಿರು ಹೋದರು. ನೀರು ಸುಮ್ಮನಾಯಿತು. ಆದರೆ ದೂರದಲ್ಲಿ ಒಂದು ಕಡೆ ನೀರು ಕೊಂಚ ದಪ್ಪಗಿತ್ತು. ಇಷ್ಟೇ, ಚಾಪೆಯ ಕೆಳಗೆ ಯಾರೋ ಮಗ್ಗುಲಾದಷ್ಟು. ಅದನ್ನು ಕಂಡರೆ ನನ್ನ ಅಪ್ಪ ದೋಣಿ ಬಿಡುತ್ತಿರಲಿಲ್ಲ. ನಾನೂ ಬಿಡುತ್ತಿರಲಿಲ್ಲ. ನನ್ನ ಕೈ ತಾನಾಗಿ ಕೆಳಗಿಳಿಯಿತು.

ಆಮೇಲೆ ಸೊಂಟದ ಗಂಟು ನೆನಪಾಯಿತು. ನಾಲ್ಕು ಮೊಳ. ಮುದುಕನ ಕಣ್ಣು, ಪೊರೆ ಬಂದಿರಬೇಕು ಎಂದುಕೊಂಡೆ. ಕೊರ್ಕು ಹಿಂದುಗಡೆಯಿಂದ ನನ್ನನ್ನೇ ನೋಡುತ್ತಿದ್ದ, ಹುಬ್ಬು ಹಾರಿಸಿದ, ಏನು ಎಂದು. ಕೈ ಎತ್ತಿದೆ.

ಈ ಸಲ ಇನ್ನೂರರವರೆಗೆ ಎಣಿಸಿದೆ. ಆಮೇಲೆ ಎಣಿಸಲಿಲ್ಲ.

ನೀನು ಕೊಂದೆ ಅನ್ನುತ್ತೀಯ. ಕಂಡವನು ನಾನು. ಕಂಡೂ ಕೈ ಎತ್ತಿದವನು ನಾನು. ಇದರಲ್ಲಿ ನಿನಗೆ ಪಾಲು ಕೊಡಲು ನಾನು ಸಿದ್ಧನಿಲ್ಲ.

ಇನ್ನೊಂದು ವಿಷಯ. ನೀನು ಹೋದ ಮೇಲೆ ಹಿರಿಯರು ಸೇರಿದರು. ಡೋಟ್ಸೆ ಹಲಗೆಯ ಮೇಲೆ ಇದ್ದಿಲಿನಲ್ಲಿ ಬರೆದು ನನ್ನ ಮುಂದೆ ಹಿಡಿದ, "ಕಾಗದ ಏನಂದಿತ್ತು?" ಅವನು ಆ ದೋಣಿಯಿಂದ ಈಜಿ ಬಂದವನು. ದೆಲಾ ಅಲ್ಲೇ ಕೂತಿದ್ದಳು. ನಾನು ಅಂದೆ, "ಬೇಡ ಅಂದಿತ್ತು. ನಾನೇ ಕೇಳ್ಲಿಲ್ಲ. ಮೀನಿನ ಆಸೆಗೆ ಕಳಿಸ್ದೆ."

ಆ ವಾರದ ಹಾಳೆಯನ್ನು ಆಗಲೇ ದೆಲಾಳ ಒಲೆಗೆ ಹಾಕಿದ್ದೆ.

ನನ್ನ ದೋಣಿಯ ಹುಟ್ಟನ್ನು ಎರಡು ತುಂಡು ಮಾಡಿದರು. ಇನ್ನು ನಾನು ತೆಂಗಿನ ಸಾಲು ದಾಟಿ ಮರಳಿಗೆ ಕಾಲಿಡುವಂತಿಲ್ಲ. ಹಿನ್ನೀರಿನ ದಡದಲ್ಲಿ ಒಂದು ಗುಡಿಸಲು ಕೊಟ್ಟಿದ್ದಾರೆ. ದೆಲಾ ದಿನಕ್ಕೊಮ್ಮೆ ಮುದ್ದೆಯ ತಟ್ಟೆ ತಂದು ಬಾಗಿಲಾಚೆ ನೆಲದ ಮೇಲಿಟ್ಟು ಹೋಗುತ್ತಾಳೆ, ನನ್ನ ಕೈಗೆ ಕೊಡುವುದಿಲ್ಲ. ಸರಿಯೇ ಇದೆ. ಇನ್ನು ಮುಂದೆ ಕೈ ಎತ್ತುವವನು ಡೋಟ್ಸೆ. ಕಾಗದವನ್ನು ಅವನಿಗೇ ಕಳಿಸು. ಎರಡನೆಯ ಅಂಕಿಯನ್ನೂ ಬರೆ.

ಸಭೆಗೆ ನೀನು ಬರಬೇಡ.

ಅಪ್ಪ


ಟೆಮಾ
ಆಗಸ್ಟ್ 4

ಅಪ್ಪ,

ಆಗುವುದಿಲ್ಲ. ನನ್ನ ತಪ್ಪಿಗೆ ನೀನು ನಾಯಿಯ ಹಾಗೆ ನೆಲದ ಮೇಲಿನ ತಟ್ಟೆ ಎತ್ತಿಕೊಂಡು ಉಣ್ಣುವುದನ್ನು ತಿಳಿದೂ ನಾನು ಇಲ್ಲಿ ಕುರ್ಚಿಯ ಮೇಲೆ ಕೂತು ಅಂಕಿ ಬರೆಯಲಾರೆ. ದೆಲಾ ಯಾರನ್ನು ದ್ವೇಷಿಸಬೇಕೆಂದು ಅವಳಿಗೆ ಗೊತ್ತಿರಬೇಕು. ಕೊರ್ಕು ಅವಳ ಗಂಡ.

ರಜೆ ಹನ್ನೊಂದರಿಂದ ಇದೆ. ಬರುತ್ತೇನೆ, ಹೇಳುತ್ತೇನೆ. ತಡೆಯಬೇಡ.

ಸೆನಮ್


ಅಝಿಕೋಪೆ
ಆಗಸ್ಟ್ 8

ಸೆನಮ್,

ಫೋಲಿಯನ್ನು ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ, ಚಿಕ್ಕದಾಗಿ ಹೇಳುತ್ತೇನೆ.

ಎರಡು ವರ್ಷದ ಹಿಂದೆ ನೀನು ನಿಜ ಹೇಳಲು ಬಂದೆ. ನಾನು ಒಂದೇ ಮಾತಿನಲ್ಲಿ ಅದನ್ನು ನೆಲಕ್ಕೆ ಹಾಕಿದೆ. ಇವರು ಕಾಗದ ನಂಬುವಂತಾಗಲು ಪಕ್ಕದ ಕೇರಿಯ ಐದು ಹೆಣ ಬೇಕಾಯಿತು. ಈಗ ನೀನು ಬಂದು ಕಾಗದವೇ ತಪ್ಪು ದಾರಿ ತೋರಿಸಿತು ಎಂದರೆ, ಸರಾಸರಿ, ಮುನ್ನೂರರಲ್ಲಿ ನೂರು ಎಂದು ಏನೇ ಬಿಡಿಸಿ ಹೇಳಿದರೂ, ಅವರ ಕಿವಿಗೆ ಬೀಳುವುದು ಒಂದೇ, ಕಾಗದ ಕೊರ್ಕುವನ್ನು ಕೊಂದಿತು ಎಂದು. ಅವತ್ತೇ ಹರಿದು ಹಾಕುತ್ತಾರೆ. ನಲವತ್ತು ದೋಣಿ, ನಾನೂರೈವತ್ತು ಜನ. ಆಮೇಲೆ ಯಾರ ಕೈ ನೋಡುತ್ತಾರೆ? ಡೋಟ್ಸೆಗೆ ಎಣಿಕೆ ಬರುವುದಿಲ್ಲ. ಬಂದರೂ ಅದು ಹಳೆಯ ಕಡಲಿನ ಎಣಿಕೆ. ನೀನೇ ಬರೆದಿದ್ದೀಯ, ಇದು ಇನ್ನೂ ಬೆಳೆಯುವಂಥದ್ದು ಎಂದು.

ಮುದುಕ ಆಸೆಗೆ ಬಿದ್ದು ಮಗನನ್ನು ಕೊಂದ ಎಂದರೆ ನಂಬುತ್ತಾರೆ, ನಂಬಿದ್ದಾರೆ. ಅದರಿಂದ ಯಾರೂ ಸಾಯುವುದಿಲ್ಲ.

ನಿನಗೆ ಮನಸ್ಸು ಹಗುರಾಗಬೇಕಾಗಿದೆ. ನನಗೂ ಒಮ್ಮೆ ಹಾಗೇ ಆಗಿತ್ತು, ಜೂನ್‌ನಲ್ಲಿ.

ಡೋಟ್ಸೆ ನಿನಗೆ ಬರೆಯುತ್ತಾನೆ. ಆ ದಿನ ಏನು ಬರೆದಿದ್ದೆ ಎಂದು ಕೇಳಿಯೇ ಕೇಳುತ್ತಾನೆ, ಕೇಳದೆ ಅವನಿಗೆ ಕೈ ಎತ್ತಲಾಗದು. ನನ್ನ ಮಾತು ಉಳಿಸು, ಕೊರ್ಕುವಿನ ಮೇಲೆ ಆಣೆ.

ಅಪ್ಪ


ಟೆಮಾ
ಆಗಸ್ಟ್ 26

ಶ್ರೀ ಡೋಟ್ಸೆ ಅವರಿಗೆ,

ನಿಮ್ಮ ಕಾಗದ ತಲುಪಿತು. ರಜೆ ರದ್ದಾದ ಕಾರಣ ಊರಿಗೆ ಬರಲಾಗಲಿಲ್ಲ.

ಮುಂದಿನ ವಾರದ ಹಾಳೆ ಇದರ ಜೊತೆಗಿದೆ. ಇನ್ನು ಮೇಲೆ ಪ್ರತಿದಿನಕ್ಕೂ ಎರಡು ಅಂಕಿಗಳಿರುತ್ತವೆ. ಮೊದಲನೆಯದು ದೊಡ್ಡ ಅಲೆಗಳ ಸರಾಸರಿ. ಅದನ್ನು ನೋಡಿ ದೋಣಿ ಇಳಿಸಬೇಡಿ. ಕೆಂಪಿನಲ್ಲಿರುವ ಎರಡನೆಯದು ಆ ದಿನ ಬರಬಹುದಾದ ಎಲ್ಲಕ್ಕಿಂತ ದೊಡ್ಡ ಅಲೆಯದು. ಐದು ಮೊಳ ದಾಟಿದರೆ ಇಳಿಯಬಾರದೆಂಬ ಅಪ್ಪನ ಕಟ್ಟನ್ನು ಕೆಂಪು ಅಂಕಿಗೆ ಮಾತ್ರ ಹಚ್ಚಿ. ಕಡಲಿಗೆ ಇಳಿಯುವ ದಿನಗಳು ಇದರಿಂದ ಬಹಳ ಕಡಿಮೆಯಾಗುತ್ತವೆ. ಹುಡುಗರು ಬೈಯುತ್ತಾರೆ, ಬೈಯಲಿ. ಎರಡೂ ಅಂಕಿ ಸರಿಯಿದ್ದು ನಿಮ್ಮ ಕಣ್ಣಿಗೆ ಬೇರೆ ಏನಾದರೂ ಕಂಡರೆ, ಕಣ್ಣನ್ನು ನಂಬಿ, ಕೈ ಇಳಿಸಿ.

ದೆಲಾಳಿಗೆ ಬೇಕಾದ್ದನ್ನು ನಾನು ಕಳಿಸುತ್ತೇನೆ, ತಿಳಿಸಿ. ಅಪ್ಪನ ತಟ್ಟೆಯ ವಿಚಾರ ಅವಳಿಗೆ ಬಿಟ್ಟದ್ದು, ನಾನು ಏನೂ ಹೇಳಲಾರೆ.

ಕಡೆಗೆ ನೀವು ಕೇಳಿದ ಮಾತು, ಆ ಶುಕ್ರವಾರಕ್ಕೆ ನಾನು ಏನು ಬರೆದಿದ್ದೆ ಎಂದು.

ಬೇಡ ಎಂದು ಬರೆದಿದ್ದೆ.

ಸೆನಮ್ ಹೊಟೋರ್